ಕೋರ್ ಫೈಲಿನ ಬಾಯಿ ಮುಚ್ಚಿಸಿದ್ದು

ತಪ್ಪು ಮಾಡುವವರನ್ನು ಹೇಗಾದರೂ ಸಹಿಸಿಕೊಂಡೇನು, ಇನ್ನೊಬ್ಬರ ತಪ್ಪನ್ನು ಕಾಪಿ ಹೊಡೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬಂದು ಶಿವಮೊಗ್ಗದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಈ ಉರಿ ವಾರಕ್ಕೆ ಆರು ದಿನವೂ ಇರುತ್ತಿತ್ತು. ನಮ್ಮ ಹುಡುಗರಿಗೆ ಲ್ಯಾಬ್ ರೆಕಾರ್ಡ್ ಎಂದರೆ ಪಿತ್ರಾರ್ಜಿತ ಆಸ್ತಿ. ಸೀನಿಯರ್ ಬರೆದದ್ದನ್ನು ಜೂನಿಯರ್ ಇಳಿಸಿಕೊಳ್ಳುತ್ತಿದ್ದ, ಒಂದು ಅಲ್ಪವಿರಾಮವೂ ಕದಲುತ್ತಿರಲಿಲ್ಲ. ವೇದವನ್ನೂ ಯಾರೂ ಇಷ್ಟು ನಿಷ್ಠೆಯಿಂದ ಕಾಪಾಡಿರಲಾರರು.

ಆ ರೆಕಾರ್ಡಿನಲ್ಲಿ, ಹೆಸರುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸುವ ಏಳನೆಯ ಪ್ರೋಗ್ರಾಂ ಒಮ್ಮೆ ಓಡುತ್ತಿತ್ತು, ಒಮ್ಮೆ ಸಾಯುತ್ತಿತ್ತು. ಲ್ಯಾಬಿನ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ಲಿನಕ್ಸಿನ ಗುಣವೇನೆಂದರೆ, ಪ್ರೋಗ್ರಾಂ ಸಾಯುವಾಗ ಹೊಟ್ಟೆಯಲ್ಲಿದ್ದುದನ್ನೆಲ್ಲ 'ಕೋರ್' ಎಂಬ ದೊಡ್ಡ ಫೈಲಿನಲ್ಲಿ ಕಾರಿಟ್ಟು ಹೋಗುತ್ತದೆ, ಯಾಕೆ ಸತ್ತಿತೆಂದು ಬಲ್ಲವರು ನೋಡಿಕೊಳ್ಳಲಿ ಎಂದು. ನಮ್ಮಲ್ಲಿ ನೋಡುವ ಪುಣ್ಯಾತ್ಮ ಯಾರು? ನಲವತ್ತು ಮಂದಿಯ ಫೋಲ್ಡರುಗಳಲ್ಲಿ ಈ ಕಸ ಸೇರಿ, ಇದ್ದೊಂದು ಸರ್ವರಿನ ಡಿಸ್ಕ್ ತುಂಬಿ, ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಯಾರಿಗೂ ಒಂದು ಸಾಲನ್ನೂ ಸೇವ್ ಮಾಡಲಾಗಲಿಲ್ಲ. "ಸಾರ್, ಆ ಫೈಲ್ ತೆರೆದು ನೋಡಿದ್ರೆ ಯಾವ ಸಾಲಲ್ಲಿ ಸತ್ತಿದ್ದು ಅಂತ ಗೊತ್ತಾಗುತ್ತಂತೆ. ಒಂದನ್ನ ನೋಡೋಣ್ವಾ?" ಎಂದಳು ಸೆಲ್ವಿ, ನಮ್ಮ ಭದ್ರಾವತಿಯದೇ ಹುಡುಗಿ. "ಹೆಣ ಕೊಯ್ಯೋದು ಡಾಕ್ಟರ್ ಕೆಲಸ ಮಾರಾಯ್ತಿ. ನೀನು ಮೊದ್ಲು ನೆಟ್ಟಗೆ ಟೈಪ್ ಮಾಡೋದು ಕಲಿ" ಎಂದೆ. ಎಲ್ಲವನ್ನೂ ಅಳಿಸಿದೆ. ಇನ್ನು ಮುಂದೆ ಕೋರ್ ಫೈಲಿನ ಗಾತ್ರ ಸೊನ್ನೆ ಎಂದು ಸರ್ವರಿನಲ್ಲಿ ಒಂದು ಸಾಲು ಬರೆದೆ. ಯಾವ ಪ್ರೋಗ್ರಾಂ ಸತ್ತರೂ ಬಾಯಿ ಬಿಡುವಂತಿಲ್ಲ! ಅರ್ಧ ಡಿಸ್ಕ್ ಖಾಲಿಯಾಯಿತು, ಪ್ರಿನ್ಸಿಪಾಲರು ಬೆನ್ನು ತಟ್ಟಿದರು.

ಮರುದಿನ ಹೊರಗಿನಿಂದ ಬಂದ ಪರೀಕ್ಷಕರು ಏಳನೆಯದನ್ನೇ ಕೊಟ್ಟು, ಹನ್ನೊಂದು ಹೆಸರು ಹಾಕಿ ಎಂದರು. ಒಂದರ ಹಿಂದೊಂದು ಎಲ್ಲ ಪರದೆಗಳಲ್ಲೂ ಪ್ರೋಗ್ರಾಂ ಸತ್ತಿತು. "ಹತ್ತೇ ಹೆಸರಿಗೆ ಜಾಗ ಇಟ್ಟಿದೀರಲ್ರೋ, ಹನ್ನೊಂದನೇದು ಎಲ್ಲಿ ಕೂರುತ್ತೆ? ಎಲ್ಲರದ್ದೂ ಒಂದೇ ತಪ್ಪು! ಯಾರು ಹೇಳಿಕೊಟ್ಟಿದ್ದು ಇದನ್ನ?" ಎಂದು ಗುಡುಗಿದರು.

ಕೆಲಸಕ್ಕೆ ಸೇರಿದ ಮೊದಲ ವರ್ಷ, ಬಸ್ಸು ತಪ್ಪೀತೆಂಬ ಅವಸರದಲ್ಲಿ ಆ ಪ್ರೋಗ್ರಾಮನ್ನು ಬೋರ್ಡಿನ ಮೇಲೆ ಗೀಚಿದ್ದವನು ನಾನೇ. ಹಿಂದಿನ ದಿನ ಒಂದೇ ಒಂದು ಕೋರ್ ಫೈಲು ತೆರೆದಿದ್ದರೂ ಆ ಸಾಲು ಕಣ್ಣಿಗೆ ರಾಚುತ್ತಿತ್ತು. ಸೆಲ್ವಿ ನನ್ನತ್ತ ನೋಡಿದಳು. ಅವಳ ಅಕ್ಕ ಆ ಮೊದಲ ತರಗತಿಯಲ್ಲಿದ್ದವಳು, ಇವಳಿಗೆ ಎಲ್ಲ ಗೊತ್ತಿತ್ತು. "ಯಾರೂ ಹೇಳಿಕೊಟ್ಟಿಲ್ಲ ಸಾರ್. ಹಳೇ ರೆಕಾರ್ಡ್ ನೋಡ್ಕೊಂಡು ನಾವೇ ಕಾಪಿ ಹೊಡೆದ್ವಿ" ಎಂದು ಪರೀಕ್ಷಕರಿಗೆ ಹೇಳಿದಳು. ಉಳಿದವರೆಲ್ಲ ತಲೆಯಾಡಿಸಿದರು.

ಪರೀಕ್ಷಕರು ತಲೆಗೆ ಐದೈದು ಮಾರ್ಕ್ಸ್ ಕಿತ್ತರು. ಆಮೇಲೆ ನನ್ನ ಕಡೆ ಮರುಕದಿಂದ ತಿರುಗಿ, "ಇಂಥವರನ್ನ ಕಟ್ಕೊಂಡು ಹೇಗ್ರೀ ಏಗ್ತೀರಿ?" ಎಂದರು. ಸತ್ಯ ಹೇಳಲು ಬಾಯಿ ತೆರೆದವನು, "ಏನು ಮಾಡೋದು ಸಾರ್, ಎಷ್ಟು ಹೇಳಿದ್ರೂ ಕೇಳಲ್ಲ" ಎಂದೆ.