ಎರಡನೇ ಕಕ್ಕಸು

ಪ್ರೊಕೋಪಿಸ್‌ನ ಹೋಟೆಲಿನಲ್ಲಿ ಕಕ್ಕಸು ಒಂದೇ ಇತ್ತು. ಎಲ್ಲ ತೊಂದರೆಗೂ ಅದೇ ಮೂಲ.

ಅಗ್ರಿಲಿಯಾ ಊರಿನಲ್ಲಿ ನೋಡುವಂಥದ್ದು ಎಂದರೆ ಅವನ ಹೋಟೆಲಿನ ಹಿಂದಿರುವ ಪಾಳು ದೇವಸ್ಥಾನ. ಎರಡು ಸಾವಿರದ ಮುನ್ನೂರು ವರ್ಷ ಹಳೆಯದು. ನಿಂತ ಕಂಬ ಮೂರು, ಮಲಗಿದ ಕಲ್ಲಿಗೆ ಲೆಕ್ಕವಿಲ್ಲ. ಪ್ರತಿವರ್ಷ ಈಸ್ಟರ್ ಕಳೆದ ವಾರ ಪೊಲಿಕ್ಸೇನಿ ಮೇಡಂ ಪಾತ್ರಾ ಪಟ್ಟಣದಿಂದ ನಿವೃತ್ತ ಮೇಷ್ಟ್ರುಗಳ ಅಧ್ಯಯನ ಪ್ರವಾಸ ತರುತ್ತಿದ್ದರು. ನಲವತ್ತೆರಡು ಜನ, ಎಲ್ಲರಿಗೂ ಅರವತ್ತೈದು ದಾಟಿದೆ. ಹೋದ ವರ್ಷ ಊಟ ಮುಗಿಸಿ ಅವರೆಲ್ಲ ಆ ಒಂದೇ ಬಾಗಿಲ ಮುಂದೆ ಒಂದೂಕಾಲು ಗಂಟೆ ಸಾಲು ನಿಂತರು. ಪಕ್ಕದೂರಿನ ಪ್ರಾಚೀನ ರಂಗಮಂಟಪ ಮೂರೂವರೆಗೆ ಮುಚ್ಚಿತು. ಅದನ್ನು ಬಸ್ಸಿನ ಕಿಟಕಿಯಿಂದ ನೋಡಿಕೊಂಡು ವಾಪಸಾದರು.

ಮೇಡಂ ಹಿಂದೆ ಆರ್ಗೋಸ್‌ನ ಹೈಸ್ಕೂಲಿನಲ್ಲಿ ಪ್ರಾಚೀನ ಗ್ರೀಕ್ ಕಲಿಸುತ್ತಿದ್ದವರು. ಪ್ರೊಕೋಪಿಸ್‌ಗೆ ಇಪ್ಪತ್ತಕ್ಕೆ ಒಂಬತ್ತು ಕೊಟ್ಟವರು. ಪಾಸಾಗಲು ಹತ್ತು ಬೇಕಿತ್ತು. ಹೋದ ವರ್ಷ ಹೊರಡುವಾಗ ಆ ಮಾರ್ಕು ಓದಿದ ದನಿಯಲ್ಲೇ ಹೇಳಿದರು: “ಪ್ರೊಕೋಪಿ, ಮುಂದಿನ ವರ್ಷ ಎರಡು ಕಕ್ಕಸು ಇದ್ರೆ ಇಲ್ಲಿ ಊಟ. ಇಲ್ದಿದ್ರೆ ಎದುರುಗಡೆ.”

ಎದುರುಗಡೆ ಅಂದರೆ ರಸ್ತೆಯಾಚೆಯ ಸ್ಟಾಥಿಸ್‌ನ ಹೋಟೆಲು. ಅಲ್ಲಿ ಎರಡಿದ್ದವು. ಸ್ಟಾಥಿಸ್ ವ್ಯಾಪಾರವನ್ನೆಲ್ಲ ಪ್ರೊಕೋಪಿಸ್‌ನನ್ನು ನೋಡಿಯೇ ಕಲಿತವನು. ‘ಶೌಚಾಲಯ ಊಟ ಮಾಡಿದವರಿಗೆ ಮಾತ್ರ’ ಎಂದು ಪ್ರೊಕೋಪಿಸ್ ನೀಲಿ ಬೋರ್ಡು ಹಾಕಿದ ಮರುವಾರ ಅವನೂ ಅದೇ ನೀಲಿಯಲ್ಲಿ ಅದೇ ಬೋರ್ಡು ಹಾಕಿದ್ದ. ಮೇಡಂ ಎಲ್ಲಿ ಉಣ್ಣುತ್ತಾರೋ ಉಳಿದ ಪ್ರವಾಸಗಳ ಬಸ್ಸುಗಳೂ ಅಲ್ಲೇ ನಿಲ್ಲುತ್ತಿದ್ದವು. ಪ್ರೊಕೋಪಿಸ್‌ನ ವರ್ಷದ ದುಡಿಮೆಯಲ್ಲಿ ಅರ್ಧ ಆ ಬಸ್ಸುಗಳದ್ದು.

ಕೆಲಸಕ್ಕೆ ಪೂರ್ತಿ ಒಂದು ವರ್ಷ ಸಮಯವಿತ್ತು. ಆದ್ದರಿಂದ ಬಸ್ಸು ಬರುವ ದಿನ ಬೆಳಿಗ್ಗೆ ಏಳಕ್ಕೆ ಪ್ರೊಕೋಪಿಸ್ ಗುಂಡಿಯ ಕೊನೆಯ ಮೊಳ ತೋಡುತ್ತಿದ್ದ. ಗೂಡು ತಯಾರಿತ್ತು, ಬಾಗಿಲಿಗೆ ಬಣ್ಣ ಆಗಿತ್ತು. ಗುಂಡಿಯನ್ನು ಅಂಗಳದ ಮೂಲೆಯಲ್ಲಿ, ರಸ್ತೆಯಿಂದ ಎರಡೇ ಹೆಜ್ಜೆ ಒಳಗೆ, ಕಣಗಿಲೆ ಗಿಡದ ಬುಡದಲ್ಲಿ ತೆಗೆದಿದ್ದ. ತುಂಬಿದಾಗ ಹೀರುವ ಲಾರಿಯ ಪೈಪು ಸಲೀಸಾಗಿ ಮುಟ್ಟಲಿ ಎಂಬುದು ಅವನ ಮುಂದಾಲೋಚನೆ.

ಪಿಕಾಸಿ ಠಣ್ ಎಂದಿತು. ಮಣ್ಣು ಸವರಿ ನೋಡಿದರೆ ಮೊಣಕಾಲೆತ್ತರದ ಕಲ್ಲು. ಅದರ ಮೇಲೆ ನಾಲ್ಕು ಸಾಲು ಅಕ್ಷರ.

ಆ ಸೀಮೆಯಲ್ಲಿ ನೆಲ ಅಗೆಯುವವನಿಗೆ ಹಾವು ಸಿಕ್ಕರೆ ಚಿಂತೆಯಿಲ್ಲ, ಅಕ್ಷರ ಸಿಗಬಾರದು. ಸಿಕ್ಕರೆ ಪುರಾತತ್ವ ಇಲಾಖೆಗೆ ತಿಳಿಸಬೇಕು. ತಿಳಿಸಿದರೆ ಕೆಲಸ ನಿಲ್ಲುತ್ತದೆ. ತಿಳಿಸದೆ ಮುಚ್ಚಿಟ್ಟರೆ ಜೈಲು. ಪ್ರೊಕೋಪಿಸ್‌ನ ಸೋದರಮಾವ ಮಗಳ ಮದುವೆಗೆಂದು ಹಾಕಿದ ಮನೆಯ ಪಾಯದಲ್ಲಿ ಮೂರು ಮಡಕೆ ಚೂರು ಸಿಕ್ಕಿದ್ದವು. ಪಾಯ ಇವತ್ತಿಗೂ ತಗಡಿನ ಕೆಳಗಿದೆ. ಆ ಮಗಳಿಗೆ ಈಗ ಮೊಮ್ಮಗ.

ಒಲೆಯಲ್ಲಿ ನಲವತ್ತೆರಡು ಜನಕ್ಕಾಗುವಷ್ಟು ಕುರಿಮಾಂಸ, ಆಲೂಗಡ್ಡೆ ಇಟ್ಟಿದ್ದ ಹೆಂಡತಿ ಗರಿಫಾಲಿಯಾ ಹೊರಗೆ ಬಂದು ಗುಂಡಿಗೆ ಇಣುಕಿದಳು.

“ಏನಂತ ಬರ್ದಿದೆ?”

“ಒಂಬತ್ತು ಮಾರ್ಕಿನವನನ್ನ ಕೇಳ್ತೀಯಲ್ಲ.”

“ಇಲಾಖೆಗೆ ಹೇಳ್ಬಿಡು.”

“ಹೇಳ್ತೀನಿ. ಆಮೇಲೆ ಕಕ್ಕಸನ್ನ ನಮ್ಮ ಮೊಮ್ಮಕ್ಕಳು ಕಟ್ಟಿಸ್ತಾರೆ.”

ಕಲ್ಲನ್ನು ಎಲ್ಲಿ ಬಚ್ಚಿಡುವುದು ಎಂದು ಯೋಚಿಸಿದ. ಹಿತ್ತಲಲ್ಲಿಟ್ಟರೆ ಸ್ಟಾಥಿಸ್ ನೋಡುತ್ತಾನೆ. ಹೊಳೆಗೆ ಹಾಕೋಣವೆಂದರೆ ಹೊಳೆಯಲ್ಲಿ ನೀರಿಲ್ಲ. ಕೊನೆಗೆ, ಮರವನ್ನು ಕಾಡಿನಲ್ಲಿ ಬಚ್ಚಿಟ್ಟ ಹಾಗೆ, ಹತ್ತು ಸಾವಿರ ಕಲ್ಲು ಬಿದ್ದಿರುವ ದೇವಸ್ಥಾನದೊಳಗೇ ಇಟ್ಟು ಬರುವುದು ಸರಿ ಎನ್ನಿಸಿತು. ಅಲ್ಲಿಂದ ಬಂದದ್ದು ಅಲ್ಲಿಗೆ ಹೋದರೆ ಕಳ್ಳತನವೂ ಆಗುವುದಿಲ್ಲ. ಕಲ್ಲನ್ನು ಒಂಟಿ ಚಕ್ರದ ಕೈಗಾಡಿಗೆ ಹಾಕಿ, ಮೇಲೆ ಗೋಣಿ ಹೊದಿಸಿ ಹೊರಟ.

ದೇವಸ್ಥಾನದ ಗೇಟಿನ ಕಾವಲುಗಾರ ಮೆಲೆಟಿಸ್, ಗರಿಫಾಲಿಯಾಳ ತಮ್ಮ. ಹತ್ತೊಂಬತ್ತು ವರ್ಷದ ಸರ್ವಿಸ್. ಹೊರಗೆ ಹೋಗುವ ಒಬ್ಬೊಬ್ಬರ ಚೀಲವನ್ನೂ ಬಿಚ್ಚಿಸಿ, ಒಂದು ಹರಳು ಸಿಕ್ಕರೂ ಸೀಟಿ ಊದುವವನು. ಒಳಗೆ ಹೋಗುವವರನ್ನು ತಪಾಸಣೆ ಮಾಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

“ಗೊಬ್ಬರನಾ ಭಾವ?” ಎಂದ, ಪೇಪರಿನಿಂದ ತಲೆ ಎತ್ತದೆ.

“ಅಂಜೂರದ ಮರಕ್ಕೆ.”

“ಹಾಕು. ಹೋದ ವರ್ಷ ಹಣ್ಣು ಸಣ್ಣ.”

ಕಲ್ಲನ್ನು ನಡುವಿನ ದೊಡ್ಡ ರಾಶಿಗೆ ಸೇರಿಸಬೇಕೆಂದು ಪ್ರೊಕೋಪಿಸ್‌ನ ಲೆಕ್ಕ. ಆದರೆ ಅಂಜೂರದ ಮರದ ಹತ್ತಿರ, ತನ್ನದೇ ಹಿತ್ತಲಿನ ಬೇಲಿಯಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಚಕ್ರ ಕಳಚಿ ಕಲ್ಲು ಉರುಳಿತು. ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸಿನ ಹಾರನ್ನು. ಹತ್ತಕ್ಕೆ ಬರಬೇಕಾದವರು ಒಂಬತ್ತಕ್ಕೇ ಬಂದಿದ್ದರು. ಮೇಷ್ಟ್ರುಗಳು ಬೇರೆ ಏನು ಮಾಡುತ್ತಾರೆ.

ಕಲ್ಲನ್ನು ಅಲ್ಲೇ ಬಿಸಾಡಿ ಬರಬಹುದಿತ್ತು. ಆದರೆ ಪ್ರೊಕೋಪಿಸ್ ಅಚ್ಚುಕಟ್ಟಿನ ಮನುಷ್ಯ. ಅಡ್ಡ ಬಿದ್ದ ಹೊಸ ಕಲ್ಲು ಕಣ್ಣಿಗೆ ಹೊಡೆಯುತ್ತದೆಂದು ಒಂದು ಗೇಣು ನೆಲ ಕೆದಕಿ, ಅದನ್ನು ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಚಿಕ್ಕ ಕಲ್ಲಿನ ಬೆಣೆ ಕೊಟ್ಟು, ಮಣ್ಣು ತುಳಿದು, ಸುತ್ತ ನಾಲ್ಕು ಹುಲ್ಲು ಬೇರುಸಮೇತ ನೆಟ್ಟ. ದೂರ ನಿಂತು ನೋಡಿದ. ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕಾಣುತ್ತಿತ್ತು.

ಹನ್ನೊಂದರ ಹೊತ್ತಿಗೆ ಗುಂಡಿ ಮುಗಿಸಿ ಕೈ ತೊಳೆಯುತ್ತಿದ್ದಾಗ ದೇವಸ್ಥಾನದ ಕಡೆಯಿಂದ ಮೆಲೆಟಿಸ್‌ನ ಸೀಟಿ ಕೇಳಿಸಿತು. ಹಿಂದೆಯೇ ಅವನೂ ಓಡಿ ಬಂದ. ಮೇಡಂ ಕರೆಯುತ್ತಿದ್ದಾರೆ, ಅಂಜೂರದ ಮರದ ಹತ್ತಿರ.

ನಲವತ್ತೆರಡು ಜನ ಕಲ್ಲಿನ ಸುತ್ತ, ಮದುವೆ ಮನೆಯಲ್ಲಿ ವರನನ್ನು ಮುತ್ತಿದಂತೆ ನಿಂತಿದ್ದರು. ಮೇಡಂ ಮಂಡಿಯೂರಿ ಕುಂಚದಿಂದ ಅಕ್ಷರದ ಮಣ್ಣು ತೆಗೆಯುತ್ತಿದ್ದರು. ಹನ್ನೊಂದು ವರ್ಷ ಬಂದರೂ ಈ ಕಲ್ಲನ್ನು ತಾವು ಗಮನಿಸಿಯೇ ಇಲ್ಲವಲ್ಲ ಎಂದು ಅವರಿಗೆ ಆಶ್ಚರ್ಯ. ಇದು ಮೊದಲಿನಿಂದ ಇಲ್ಲಿದೆಯೇ ಎಂದು ಮೆಲೆಟಿಸ್‌ನನ್ನು ಕೇಳಿದರು.

ಮೆಲೆಟಿಸ್ ಆ ಕಲ್ಲನ್ನು ಜೀವಮಾನದಲ್ಲಿ ನೋಡಿರಲಿಲ್ಲ. ಆದರೆ ಇಲ್ಲ ಎಂದರೆ, ಹತ್ತೊಂಬತ್ತು ವರ್ಷ ಕುರ್ಚಿಯಿಂದ ಏಳದೆ ಸಂಬಳ ಎಣಿಸಿದ್ದು ಬಯಲಾಗುತ್ತದೆ.

“ದಿನಾ ನೋಡ್ತೀನಿ ಮೇಡಂ. ಇದಕ್ಕೆ ಒರಗಿಕೊಂಡೇ ನಾನು ಊಟ ಮಾಡೋದು.”

“ಬೆಣೆ ನೋಡಿ, ಎಷ್ಟು ಅಚ್ಚುಕಟ್ಟು,” ಎಂದರು ಮೇಡಂ ಉಳಿದವರಿಗೆ. “ಇಂಥ ಕೆಲಸ ಈಗಿನ ಕಾಲದವರ ಕೈಯಲ್ಲಿ ಆಗೋದಿಲ್ಲ. ನೆಟ್ಟ ಜಾಗದಿಂದ ಒಂದು ಕೂದಲೆಳೆ ಕದಲಿಲ್ಲ.”

ಆಮೇಲೆ ಪ್ರೊಕೋಪಿಸ್‌ನ ಕಡೆ ತಿರುಗಿದರು. “ನನ್ನ ಹಳೇ ಶಿಷ್ಯ. ಓದು, ಪ್ರೊಕೋಪಿ.”

ಪ್ರೊಕೋಪಿಸ್ ಓದಿದ. ತಡವರಿಸಿದಲ್ಲಿ ಮೇಡಂ ತಿದ್ದಿದರು. ಬಿಸಿಲಿಗಲ್ಲದೆ ಬೇರೆ ಕಾರಣಕ್ಕೆ ಅವನು ಬೆವರತೊಡಗಿದ್ದು ಎರಡನೆಯ ಸಾಲಿನಲ್ಲಿ.

‘ನಾನು ದೇವರ ನೆಲದ ಗಡಿ. ಈ ಕಲ್ಲಿನಿಂದ ಹಿಡಿದು ದಾರಿಯವರೆಗೆ ಯಾರೂ ಬಹಿರ್ದೆಸೆಗೆ ಕೂರಕೂಡದು. ಕೂತವನು ದೇವರಿಗೆ ಒಂದು ಹಂದಿ ಕೊಡತಕ್ಕದ್ದು.’

ಮೇಷ್ಟ್ರುಗಳು ಚಪ್ಪಾಳೆ ತಟ್ಟಿದರು. ಪ್ರೊಕೋಪಿಸ್ ಮನಸ್ಸಿನಲ್ಲೇ ಅಳತೆ ಹಾಕಿದ. ಕಲ್ಲು ಸಿಕ್ಕ ಜಾಗದಿಂದ ದಾರಿಗೆ ಎರಡು ಹೆಜ್ಜೆ, ನಡುವೆ ಒಂದು ಕಣಗಿಲೆ ಗಿಡ. ಈಗ ನಿಂತ ಜಾಗದಿಂದ ದಾರಿಗೆ ತೊಂಬತ್ತು ಹೆಜ್ಜೆ. ನಡುವೆ ಅವನ ಹಿತ್ತಲು, ಹಳೆ ಕಕ್ಕಸು, ಅಡುಗೆಮನೆ, ಊಟದ ಚಪ್ಪರ, ಹೊಸ ಕಕ್ಕಸು.

“ಆಗಿನ ದಾರಿ ಬೇರೆ ಕಡೆ ಇತ್ತೇನೋ ಮೇಡಂ,” ಎಂದ.

“ಈಗಿನ ರಸ್ತೆ ಆಗಿನ ದಾರಿಯ ಮೇಲೇ ಇದೆ. ಹತ್ತನೇ ತರಗತಿಯಲ್ಲಿ ಹೇಳಿದ್ದೆ. ನೀನು ಕಿಟಕಿಯಲ್ಲಿ ನೋಡ್ತಿದ್ದೆ.”

ಮೆಲೆಟಿಸ್ ಆಗಲೇ ಫೋನು ಮಾಡಿದ್ದ. ಇಲಾಖೆಯ ಅಧಿಕಾರಿಣಿ, ಮೂವತ್ತೂ ಆಗದ ಹುಡುಗಿ, ಮುಕ್ಕಾಲು ಗಂಟೆಯಲ್ಲಿ ಜೀಪಿನಲ್ಲಿ ಬಂದಿಳಿದಳು. ಕಲ್ಲಿನ ಫೋಟೋ ತೆಗೆದಳು. ಅಲ್ಲಿಂದ ರಸ್ತೆಯವರೆಗೆ ಟೇಪು ಹಿಡಿದು ನಡೆದಳು. ಪ್ರೊಕೋಪಿಸ್ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು ಹಿಂದೆ ಹೋದ. ಪರೀಕ್ಷೆಯ ಅಗೆತ ಮುಗಿಯುವವರೆಗೆ ಈ ನೆಲದಲ್ಲಿ ಗುದ್ದಲಿ ಇಡುವಂತಿಲ್ಲ, ಇಂಗುಗುಂಡಿಗಳಿಗೆ ನೀರು ಬಿಡುವಂತಿಲ್ಲ ಎಂದು ವಿವರಿಸಿ, ಹಳೆ ಕಕ್ಕಸಿನ ಬಾಗಿಲಿಗೆ ಕೆಂಪು ಬಿಳಿ ಪಟ್ಟಿ ಸುತ್ತಿದಳು. ಅಗೆತ ಎಷ್ಟು ದಿನ ಎಂದು ಗರಿಫಾಲಿಯಾ ಕೇಳಿದ್ದಕ್ಕೆ, ದಿನದಲ್ಲಿ ಹೇಳುವುದು ಕಷ್ಟ ಎಂದಳು.

ಹೊಸ ಗುಂಡಿಯ ಮುಂದೆ ಅವಳು ನಿಂತಾಗ ಪ್ರೊಕೋಪಿಸ್ ತಾನೇ ಮುಂದೆ ಬಂದ. ನಿಂಬೆ ಸಸಿಗೆಂದು ತೋಡಿದ್ದು ಎಂದ. ಅವಳು ಟಾರ್ಚು ಹಿಡಿದು ಒಳಗಿಳಿದು ನಾಲ್ಕೂ ಗೋಡೆ ತಟ್ಟಿ ನೋಡಿದಳು.

“ಇಲ್ಲೇನೂ ಇಲ್ಲ,” ಎಂದಳು ಹತ್ತಿ ಬಂದು. “ನಿಮ್ಮ ಜಾಗದಲ್ಲಿ ಏನೂ ಇಲ್ಲ ಅಂತ ಖಾತ್ರಿಯಾಗಿರೋದು ಇದೊಂದೇ.”

“ಹಾಗಾದ್ರೆ ಇಲ್ಲಿ ಕಟ್ಟಬಹುದಾ?”

“ಕಲ್ಲು ದಾರಿಯವರೆಗೆ ಅಂತ ಹೇಳಿದೆಯಲ್ಲ.”

ಆ ಕಲ್ಲಿನ ನಿಜವಾದ ಜಾಗ ಅವಳು ಈಗ ನಿಂತ ಜಾಗವೇ ಎಂದು ಒಂದು ಮಾತು ಹೇಳಿದ್ದರೆ ಹಿತ್ತಲು, ಅಡುಗೆಮನೆ, ಹಳೆ ಕಕ್ಕಸು ಎಲ್ಲ ಉಳಿಯುತ್ತಿದ್ದವು. ಹೋಟೆಲು ನಡೆಸುವವನು ಮಾತ್ರ ಜೈಲಿನೊಳಗಿರುತ್ತಿದ್ದ. ಪ್ರೊಕೋಪಿಸ್ ಟೇಪು ಸುತ್ತಿ ಅವಳ ಕೈಗೆ ಕೊಟ್ಟ.

ಮೂರು ತಾಸು ಬಿಸಿಲಲ್ಲಿ ನಿಂತಿದ್ದ ನಲವತ್ತೆರಡು ಜನ ಹೋಟೆಲಿನ ಮುಂದೆ ಬಂದು ಬಾಗಿಲಿನ ಪಟ್ಟಿ ನೋಡಿದರು. ಆಮೇಲೆ ಒಬ್ಬರ ಹಿಂದೊಬ್ಬರು, ಸ್ವಲ್ಪ ಬಿರುಸಾಗಿಯೇ ರಸ್ತೆ ದಾಟಿದರು. ಮೇಡಂ ಕೊನೆಗೆ ಹೊರಟವರು. ಪ್ರೊಕೋಪಿಸ್‌ನ ಹೆಗಲ ಮೇಲೆ ಕೈಯಿಟ್ಟರು.

“ಚೆನ್ನಾಗಿ ಓದಿದೆ ಪ್ರೊಕೋಪಿ. ಹತ್ತು.”

ಮೂವತ್ತೊಂದು ವರ್ಷದ ಮೇಲೆ ಅವನು ಪಾಸಾದ.

ಸಂಜೆ ನಾಲ್ಕರವರೆಗೆ ಪ್ರೊಕೋಪಿಸ್ ಖಾಲಿ ಚಪ್ಪರದ ಕೆಳಗೆ ರಸ್ತೆಗೆ ಬೆನ್ನು ಮಾಡಿ ಕೂತಿದ್ದ. ಅವನೂ ಮನುಷ್ಯನೇ, ಬೆಳಿಗ್ಗೆಯಿಂದ ಹೋಗಿರಲಿಲ್ಲ. ನಾಲ್ಕೂಕಾಲಿಗೆ ಎದ್ದು ರಸ್ತೆ ದಾಟಿದ. ಸ್ಟಾಥಿಸ್ ಕೌಂಟರಿನ ಮೇಲೆ ಕಕ್ಕಸಿನ ಬೀಗದ ಕೈ ಇಟ್ಟುಕೊಂಡು ನಿಂತಿದ್ದ. ಬಹಳ ಮರ್ಯಾದೆಯಿಂದ ಕುಶಲ ವಿಚಾರಿಸಿದ. ಪ್ರೊಕೋಪಿಸ್ ಕೈ ಚಾಚಿದಾಗ ಮಾತ್ರ ತಲೆಯ ಮೇಲಿನ ನೀಲಿ ಬೋರ್ಡನ್ನು ಕಣ್ಣಲ್ಲೇ ತೋರಿಸಿದ.

“ತಪ್ಪು ತಿಳ್ಕೋಬೇಡ ಪ್ರೊಕೋಪಿ. ರೂಲು ನಿಂದೇ.”

ಪ್ರೊಕೋಪಿಸ್ ಕೂತ. ಇದ್ದದ್ದು ಏನಾದರೂ ತಾ ಎಂದ.

ಬಂದದ್ದು ಕುರಿಮಾಂಸ ಮತ್ತು ಆಲೂಗಡ್ಡೆ. ಒಂದು ತುತ್ತು ಬಾಯಿಗಿಟ್ಟು ಪ್ರೊಕೋಪಿಸ್ ಅಗಿಯುವುದನ್ನು ನಿಲ್ಲಿಸಿದ. ತಟ್ಟೆ ಎತ್ತಿ ಅಂಚು ನೋಡಿದ. ಒಡೆದು ಅಂಟಿಸಿದ ಗುರುತಿತ್ತು. ಅಂಟಿಸಿದವನು ಅವನೇ.

“ನಲವತ್ತೆರಡು ಜನ ಒಮ್ಮೆಗೇ ನುಗ್ಗಿದ್ರೆ ನಾನೆಲ್ಲಿಂದ ತರಲಿ,” ಎಂದ ಸ್ಟಾಥಿಸ್. “ಹಾಳಾಗೋ ಬದಲು ತಗೋ ಅಂತ ಗರಿಫಾಲಿಯಾನೇ ಹೊತ್ತು ತಂದ್ಲು. ಪುಣ್ಯಾತಗಿತ್ತಿ.”

“ಅವಳೆಲ್ಲಿ?”

ಸ್ಟಾಥಿಸ್ ಮೂಲೆಯ ಮೇಜಿನ ಕಡೆ ಕೈ ತೋರಿಸಿದ. ಅಲ್ಲಿ ಗರಿಫಾಲಿಯಾ ಎರಡನೇ ತಟ್ಟೆ ಊಟ ಮುಗಿಸುತ್ತಿದ್ದಳು. ಮುಂದೆ ಬೀಗದ ಕೈ ಇತ್ತು.