ನಿಬ್ಬಿನ ಸಹಿ, ಜೆಲ್ಲಿನ ಸಹಿ

ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವನು ಪ್ಯಾಂಟಿನ ಅಳತೆ ಕೊಟ್ಟು ತೆಪ್ಪಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯ ಸಮೇತ ಗೋಡೆಯ ಫೋಟೋಗೆ ಮೂಗು ತಾಗಿಸಿ, "ಇದು ಬಾಲ್‌ಪೆನ್ ಸೈನು. ಆಗೆಲ್ಲ ನಮ್ಮಲ್ಲಿ ಬಾಲ್‌ಪೆನ್ ಎಲ್ಲಿತ್ತು? ಯಾರೋ ನಿಮ್ಮಪ್ಪಂಗೆ ಟೋಪಿ ಹಾಕಿದಾರೆ, ಇಲ್ಲಾ ನಿಮ್ಮಪ್ಪ ನಿನಗೆ," ಎಂದ.

ದರ್ಜಿಗೆ ಮೈಯೆಲ್ಲ ಉರಿದುಹೋಯಿತು. ಫೋಟೋದಲ್ಲಿ ಚೆಂಡು ತಬ್ಬಿಕೊಂಡು ಬಿದ್ದಿದ್ದವನು ಆ ಕಾಲದ ಹೆಸರಾಂತ ಗೋಲ್‌ಕೀಪರ್. ಆಟ ಮುಗಿದ ಮೇಲೆ ಅಪ್ಪನ ಪೆನ್ನನ್ನೇ ಇಸಿದುಕೊಂಡು, ಅಪ್ಪನ ಬೆನ್ನನ್ನೇ ಮೇಜು ಮಾಡಿಕೊಂಡು ಸಹಿ ಹಾಕಿದ್ದನಂತೆ. ಅಪ್ಪ ಸಾಯುವ ಹಿಂದಿನ ವಾರವೂ ಅದನ್ನೇ ಹೇಳಿದ್ದರು. ತೀರಿಹೋದ ಅಪ್ಪನನ್ನು ಸುಳ್ಳುಗಾರ ಅಂದರೆ ಕೇಳಿಕೊಂಡು ಹೊಲಿಗೆ ಯಂತ್ರ ತುಳಿಯುವುದು ಅವನಿಂದಾಗದ ಮಾತು.

ಕೊರಳಲ್ಲಿ ಟೇಪು, ಕಂಕುಳಲ್ಲಿ ಫೋಟೋ, ಹಿಂದೆ ಗಡಿಯಾರದವನು. ಮೂಲೆಯ ಪೆನ್ನು ರಿಪೇರಿಯ ಅಜ್ಜನ ಮುಂದೆ ಫೋಟೋ ಕುಕ್ಕಿದ.

"ನೋಡಪ್ಪಾ, ಗೆರೆ ಒತ್ತಿದ ಕಡೆ ದಪ್ಪ, ಎತ್ತಿದ ಕಡೆ ಸಣ್ಣ. ನಿಬ್ಬಿಗಲ್ಲದೆ ಬರಲ್ಲ ಇದು. ಬಾಲ್‌ಪೆನ್ನಾಗಿದ್ರೆ ಗೆರೆ ಒಂದೇ ಸಮ ಇರ್ತಿತ್ತು. ಐವತ್ತು ವರ್ಷದ ಶಾಯಿ. ಅಸಲಿ ಅಂತ ಸಾಯಂಕಾಲ ಬರೆದುಕೊಡ್ತೀನಿ," ಎಂದ ಅಜ್ಜ.

"ಪೆನ್ನು ಹಳೇದು, ಸರಿ. ಹಿಡಿದ ಕೈ ಯಾರದು?" ಎಂದ ಗಡಿಯಾರದವನು.

ಇವನ ಬಾಯಿಗೆ ಹೊಲಿಗೆ ಹಾಕಬೇಕು ಎಂದುಕೊಂಡು ದರ್ಜಿ ಅದೇ ಸಿಟ್ಟಿನಲ್ಲಿ ಫೋಟೋ ಸಮೇತ ಬಸ್ಸು ಹತ್ತಿದ. ಊರಿನ ಆ ತುದಿಯಲ್ಲಿ ಗೋಲ್‌ಕೀಪರ್ ಇನ್ನೂ ಗಟ್ಟಿಮುಟ್ಟಾಗಿ ಬದುಕಿದ್ದರು.

"ನಾನೆಲ್ಲಪ್ಪಾ ಸೈನ್ ಹಾಕ್ತಿದ್ದೆ?" ಎಂದರು ಮುದುಕರು. "ಆಟ ಮುಗಿದ್ರೆ ಬೆರಳೆಲ್ಲ ಊದಿರೋದು. ಮೈದಾನದಲ್ಲಿ ಒಬ್ಬರಿಗೂ ಕೊಟ್ಟವನಲ್ಲ. ಫೋಟೋ ಬೇಕು ಅಂತ ಕಾಗದ ಬರೆದೋರಿಗೆಲ್ಲ ನಮ್ಮಣ್ಣ ಮನೇಲಿ ಕೂತು ಹಾಕಿ ಅಂಚೇಲಿ ಕಳಿಸ್ತಿದ್ದ."

ದರ್ಜಿಯ ಹಲ್ಲು ಕಟಕಟ ಎಂದವು. ಬೆನ್ನಂತೆ, ಮೇಜಂತೆ. ಅಪ್ಪ ಎದುರಿಗಿದ್ದಿದ್ದರೆ ಇವತ್ತು ನಾಲ್ಕು ಮಾತು ಕೇಳಿಸಿಕೊಳ್ಳುತ್ತಿದ್ದರು. ಅವನ ಮುಖ ನೋಡಿ ಮರುಗಿದ ಮುದುಕರು ಮೊಮ್ಮಗಳ ಜೆಲ್ ಪೆನ್ನು ತೆಗೆದುಕೊಂಡು, ಬೇಡ ಎನ್ನುವಷ್ಟರಲ್ಲಿ ಹಳೆಯ ಸಹಿಯ ಕೆಳಗೇ ದೊಡ್ಡದಾಗಿ ತಮ್ಮ ಸಹಿ ಹಾಕಿಬಿಟ್ಟರು.

"ಇಗೋ, ಇದು ನಂದು. ಸಮಾಧಾನ ಆಯ್ತಾ?"

ಸಾಯಂಕಾಲ ಅಂಗಡಿಗೆ ಬಂದರೆ ಅಜ್ಜ ಪ್ರಮಾಣಪತ್ರ ಹಿಡಿದು ಕಾಯುತ್ತಿದ್ದ. ಜೊತೆಗೆ ಗಡಿಯಾರದವನು, ರವಿಕೆಗೆಂದು ಬಂದ ಇಬ್ಬರು ಹೆಂಗಸರು. ಅಜ್ಜ ಫೋಟೋ ಕಿತ್ತುಕೊಂಡು ನೋಡಿದವನೇ ಕೆಂಡವಾದ.

"ಯಾವ ಪಾಪಿ ಮಾಡಿದ್ದು ಇದನ್ನ? ಕೆಳಗಿಂದು ಜೆಲ್ ಪೆನ್ನು. ಇನ್ನೂ ವಾಸನೆ ಹೋಗಿಲ್ಲ. ಶುದ್ಧ ನಕಲಿ."

"ಗೋಲ್‌ಕೀಪರೇ ಹಾಕಿರಬಹುದಲ್ಲ, ಅವರ ಮನೆಗೆ ಹೋಗಿದ್ನಲ್ಲ ಇವನು," ಎಂದ ಗಡಿಯಾರದವನು. "ಆದ್ರೆ ಎರಡೂ ಒಂದೇ ಥರ ಇಲ್ಲ. ಹಾಗಾದ್ರೆ ಮೇಲಿಂದು ಯಾರದು?"

ನಿಜ ನಾಲಿಗೆಯ ತುದಿಗೆ ಬಂದಿತ್ತು. ಕೆಳಗಿನದು ಅಸಲಿ ಎಂದರೆ ಅಪ್ಪನ ಮಾನ ಈಗಲೇ ಹರಾಜು. ದರ್ಜಿ ಎಲ್ಲರನ್ನೂ ದುರುಗುಟ್ಟಿ ನೋಡಿದ. "ಅವರು ಹಾಕಿಲ್ಲ. ಕೆಳಗಿಂದು ನಾನೇ ಗೀಚಿದ್ದು. ಏನೀಗ?"

ಅಜ್ಜ ಪ್ರಮಾಣಪತ್ರವನ್ನು ನಾಲ್ಕು ಚೂರು ಮಾಡಿದ.

ಗಡಿಯಾರದವನು ಭೂತಗನ್ನಡಿ ತೆಗೆದು ಜೇಬಿಗಿಟ್ಟುಕೊಂಡು ಹೆಂಗಸರ ಕಡೆ ತಿರುಗಿದ. "ಅಲ್ಲಿಗೆ ಗೊತ್ತಾಯ್ತು ಬಿಡಿ. ಕೆಳಗಿಂದು ಮಗ ಗೀಚಿದ್ದು ಅಂದ್ಮೇಲೆ, ಮೇಲಿಂದು ಅಪ್ಪ ಗೀಚಿದ್ದು."