ಸಾವಕಾಶ ಓಡುವ ಎಮ್ಯುಲೇಟರ್

ಕೇಳಿದವರಿಗೆ ಸಲಹೆ ಕೊಡುವುದು ಒಳ್ಳೆಯವರ ಗುಣ. ಅವರು ಕೇಳಿ ಮುಗಿಸುವ ಮೊದಲೇ ಕೊಡುವುದು ನನ್ನ ಗುಣ. ಎರಡು ಸಾವಿರದ ಇಸವಿಯ ಆಚೀಚೆ ಬಿಟಿಎಂ ಲೇಔಟಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾಗ ಈ ಗುಣಕ್ಕೆ ಒಳ್ಳೆಯ ಮೇವು ಸಿಕ್ಕಿತ್ತು. ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಗಳು ಅಟ್ಟ ಸೇರುತ್ತಿದ್ದ ಕಾಲ. ಆ ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸಲು ಎಮ್ಯುಲೇಟರ್ ಎಂಬ ತಂತ್ರಾಂಶಗಳು ಬಂದಿದ್ದವು. ಒಂದೇ ಪೆಟ್ಟಿಗೆಯ ವೇಷ ಹಾಕಲು ಹತ್ತಾರು ಎಮ್ಯುಲೇಟರುಗಳು. ಒಂದಕ್ಕೆ ವೇಗ ಹೆಚ್ಚು, ಇನ್ನೊಂದರಲ್ಲಿ ಬಣ್ಣ ಸರಿ, ಮತ್ತೊಂದರ ಸದ್ದು ನೆಗಡಿ ಹಿಡಿದಂತೆ. ಯಾರಿಗೆ ಯಾವುದು ಒಗ್ಗುತ್ತದೆಂದು ಹೇಳುವುದರಲ್ಲಿ ಸುದ್ದಗುಂಟೆಪಾಳ್ಯದವರೆಗೂ ನನ್ನ ಹೆಸರು ಹಬ್ಬಿತ್ತು. ಸುದ್ದಗುಂಟೆಪಾಳ್ಯ ಅಂಗಡಿಯ ಹಿಂದಿನ ರಸ್ತೆ ದಾಟಿದರೆ ಸಿಗುತ್ತಿತ್ತು ಅನ್ನುವುದು ಬೇರೆ ಮಾತು.

ಒಂದು ಮಧ್ಯಾಹ್ನ ಬಸವರಾಜ್ ಬಂದರು. ಗದಗಿನ ಕಡೆಯವರು, ನಮ್ಮದೇ ರಸ್ತೆಯ ಬಾಡಿಗೆ ಮನೆಯಲ್ಲಿ ಹೆಂಡತಿ ಗಿರಿಜಾ ಜೊತೆ ಇದ್ದರು. ಹಿಂದಿನ ವರ್ಷ ಆಫೀಸಿನಲ್ಲೇ ಲಕ್ವ ಹೊಡೆದು ಅವರ ಬಲಗೈ ಅರ್ಧ ಸತ್ತಿತ್ತು. ಬೆರಳಿಗೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದರಂತೆ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಆಡುತ್ತಿದ್ದ, ಗುಂಡು ಹಾರಿಸುವ ಟ್ಯಾಂಕಿನ ಆಟ ಕಂಪ್ಯೂಟರಿನಲ್ಲಿ ಬೇಕೆಂದರು. ನನಗೆ ಅಷ್ಟೇ ಸಾಕಾಯಿತು. ಎಮ್ಯುಲೇಟರುಗಳ ವೇಗದ ಬಗ್ಗೆ ಒಂದು ಉಪನ್ಯಾಸವನ್ನೇ ಕೊಟ್ಟೆ. ಅವರು ತಾಳ್ಮೆಯಿಂದ ಕೇಳಿ, "ಎಲ್ಲಾ ಖರೇ ಸರ. ಇದರಾಗ ಸಾವಕಾಶ ಓಡೋದು ಯಾವ್ದು?" ಎಂದರು.

ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಯಾರಿಗೂ ಬೇಡವೆಂದು ನಾನು ಮೂಲೆಗೆ ತಳ್ಳಿದ್ದ ಒಂದು ಎಮ್ಯುಲೇಟರಿನಲ್ಲಿ ವೇಗ ತಗ್ಗಿಸುವ ಸೌಲಭ್ಯವಿತ್ತು. ಅರ್ಧ ವೇಗಕ್ಕಿಟ್ಟು ಕೊಟ್ಟೆ. ಕೆಲವು ವಾರ ಬಿಟ್ಟು ಬಂದು, "ಇನ್ನೂ ಸ್ವಲ್ಪ ಇಳಸ್ರಿ" ಎಂದರು. ಇಳಿಸಿದೆ. ಮತ್ತೆ ಬಂದರು, ಮತ್ತೆ ಇಳಿಸಿದೆ. ಈಗ ಗುಂಡು ಹೊರಟು ಗುರಿ ಮುಟ್ಟುವುದರೊಳಗೆ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು. ಇಬ್ಬರೂ ನಕ್ಕೆವು. ಆಮೇಲೆ ಅವರು ಬರುವುದು ನಿಂತಿತು. ಕೈ ಸುಧಾರಿಸಿರಬೇಕು ಅಂದುಕೊಂಡೆ. ಸಲಹೆ ಕೊಟ್ಟವರು ಹಾಗೆಯೇ ಅಂದುಕೊಳ್ಳುವುದು.

ಕೆಲವು ತಿಂಗಳ ಮೇಲೆ ಗಿರಿಜಾ ಬಂದು, ಆಟದ ವೇಗ ಏರಿಸುವುದು ಹೇಗೆಂದು ಮನೆಗೆ ಬಂದು ತೋರಿಸಬೇಕೆಂದರು. ಹೋದೆ. ಬಸವರಾಜರಿಗೆ ಎರಡನೆಯ ಸಲ ಲಕ್ವ ಹೊಡೆದು ಮಾತೂ ಹೋಗಿತ್ತು. ಕಂಪ್ಯೂಟರಿನ ಪಕ್ಕಕ್ಕೇ ಎಳೆದು ಹಾಕಿದ್ದ ಮಂಚದ ಮೇಲೆ ನಿದ್ದೆಯಲ್ಲಿದ್ದರು.

"ಎಚ್ಚರ ಇದ್ದಾಗ ಅವರ ಆಟ ನಾನು ಆಡ್ತೀನ್ರಿ. ಎಡಕ್ಕ, ಬಲಕ್ಕ ಅಂತ ಕಣ್ಣಾಗ ಹೇಳ್ತಾರ. ಅದು ನನಗ ತಿಳಿಯೋತನಕ ಟ್ಯಾಂಕು ತಡೀಬೇಕಲ್ರಿ, ಅದಕ್ಕ ಸಾವಕಾಶನೇ ಬೇಕು," ಎಂದು ಗಿರಿಜಾ ಗಂಡನ ಹೊದಿಕೆ ಸರಿಪಡಿಸಿದರು. "ಅವರು ಮಲಗಿದಾಗ ಮಾತ್ರ ಒಂದೀಟು ಜೋರು ಓಡಬೇಕು ಅನಸ್ತದ."

ವೇಗ ಏರಿಸುವ, ಇಳಿಸುವ ಕೀಲಿ ತೋರಿಸಿದೆ. "ಒಂದಾಟ ಆಡೋಣ್ವಾ?" ಎಂದೆ. ವೇಗ ಏರಿಸಿ, ಸದ್ದು ಅಡಗಿಸಿ ಇಬ್ಬರೂ ಒಂದೇ ಕೀಬೋರ್ಡಿಗೆ ಕೂತೆವು. ಆ ಆಟವನ್ನು ಓಡಿಸುವ ಪ್ರತಿಯೊಂದು ಎಮ್ಯುಲೇಟರಿನ ಗುಣದೋಷ ಬಲ್ಲವನು ನಾನು. ಆಟ ಮಾತ್ರ ಯಾವತ್ತೂ ಆಡಿರಲಿಲ್ಲ. ಮೊದಲ ಗೋಡೆ ದಾಟುವ ಮುಂಚೆಯೇ ನನ್ನ ಟ್ಯಾಂಕು ಸುಟ್ಟುಹೋಯಿತು. ಅದರ ಹಿಂದೆಯೇ ನನಗೆ ಸಿಕ್ಕ ಎರಡನೆಯದೂ.

ಗಿರಿಜಾ ಪರದೆಯಿಂದ ಕಣ್ಣು ತೆಗೆಯದೆ, ಮಲಗಿದವರಿಗೆ ಎಚ್ಚರವಾಗದಷ್ಟು ಮೆಲ್ಲಗೆ ಹೇಳಿದರು: "ನಿಮಗ ಬೇಕಾದರ ಇಳಸ್ತೀನ್ರಿ ಸರ."